ಎರವಲು ಕುರ್ಚಿಯ ಶ್ರೀಮಂತಿಕೆ

ಮೊನ್ನೆ ಸಕಲೇಶಪುರದ ಹಳೇ ಸಾಮಾನಿನ ಅಂಗಡಿಯ ಮುಂದೆ ಒಂದು ಬೆತ್ತದ ಕುರ್ಚಿ ಇಟ್ಟಿದ್ದರು. ಥೇಟ್ ನಮ್ಮ ಮನೆಯಲ್ಲಿದ್ದಂಥದ್ದೇ. ಅದನ್ನು ನೋಡಿದ್ದೇ ಲೈನಿನ ಅಕ್ಕ ನೆನಪಾದಳು. ತರಬೇಕಾದ ಸಾಮಾನು ಮರೆತು ಬರಿಗೈಯಲ್ಲಿ ಮನೆಗೆ ಬಂದೆ.

ಬೆಳಗೋಡಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ನಮ್ಮಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತೋಟದ ಕೆಲಸದವರ ಲೈನ್ ಮನೆಗಳು ನಮ್ಮ ಮನೆಯ ಹಿಂದೆಯೇ. ಅಕ್ಕನದು ಕೊನೆಯ ಮನೆ. ಗಂಡನಿಗೆ ಕಾಲು ಸ್ವಾಧೀನವಿರಲಿಲ್ಲ, ಎರಡು ಸಣ್ಣ ಮಕ್ಕಳು, ದುಡಿಯುವವಳು ಅವಳೊಬ್ಬಳೇ. ಆದರೂ ಅವಳ ಮನೆಗೆ ಹೋದವರು ಬರೀ ಬಾಯಲ್ಲಿ ಹಿಂದಿರುಗಿದ್ದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ, ನೀರು.

ತೊಂಬತ್ತರ ದಶಕದ ಕೊನೆಯಿರಬೇಕು... ಬಡವರು ಯಾರೆಂದು ಗುರುತಿಸಲು ಸರ್ವೆಯವರು ಬರುತ್ತಾರೆಂದು ಸುದ್ದಿಯಾಯಿತು. ಬಡವರೆಂದು ಬರೆಸಿಕೊಂಡವರಿಗೆ ಅಗ್ಗದ ಅಕ್ಕಿಯ ಕಾರ್ಡು. ಜಡಿಮಳೆಯ ತಿಂಗಳುಗಳಲ್ಲಿ ತೋಟದಲ್ಲಿ ಕೆಲಸ ಸರಿಯಾಗಿ ಸಿಗುತ್ತಿರಲಿಲ್ಲ. ಕಾರ್ಡೊಂದು ಸಿಕ್ಕರೆ ಮಕ್ಕಳು ಎರಡು ಹೊತ್ತು ಉಣ್ಣುತ್ತವೆ ಎಂದು ಅಕ್ಕ ಅಮ್ಮನ ಹತ್ತಿರ ಹೇಳಿಕೊಂಡಿದ್ದಳು.

ಸರ್ವೆಯ ದಿನ ಅಕ್ಕ ಬೆಳಿಗ್ಗೆಯೇ ನಮ್ಮ ಮನೆಗೆ ಬಂದು ಬೆತ್ತದ ಕುರ್ಚಿ, ಜಮಖಾನ, ಸ್ಟೀಲ್ ತಟ್ಟೆ ಲೋಟಗಳನ್ನು ಕೇಳಿ ಒಯ್ದಳು. ಲೈನಿಗೆ ಹೆಣ್ಣು ನೋಡುವವರು ಬಂದರೂ, ದೂರದ ನೆಂಟರು ಬಂದರೂ ಆ ಕುರ್ಚಿ ಹಾಗೆ ಹೋಗಿಬರುವುದು ವಾಡಿಕೆಯೇ. ಅಮ್ಮ ಎರಡನೇ ಯೋಚನೆಯಿಲ್ಲದೆ ಕೊಟ್ಟಳು.

ಸರ್ವೆಯವನು ಕುರ್ಚಿಯಲ್ಲಿ ಕೂತ, ಕಾಫಿ ಕುಡಿದ, ಸುತ್ತ ಕಣ್ಣಾಡಿಸಿ ಬರೆದುಕೊಂಡ. ಹೆಂಚಿನ ಮನೆ, ಕರೆಂಟು, ಕುರ್ಚಿ, ಸ್ಟೀಲ್ ಪಾತ್ರೆ. ಮನೆ, ಕರೆಂಟು ಎಸ್ಟೇಟಿನದು, ಉಳಿದದ್ದು ನಮ್ಮದು. ಅವಳದೆಂದು ಇದ್ದದ್ದು ಕಾಫಿಗೆ ಹಾಕಿದ ಬೆಲ್ಲ ಮಾತ್ರ.

ಬಡವರ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಇದು ಎರವಲು ತಂದದ್ದು ಅಂತ ಒಂದು ಮಾತು ಹೇಳಲು ನಿನಗೇನಾಗಿತ್ತು ಎಂದು ಅಮ್ಮ ಬೈದಳು. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು.

“ಮನೇಗ್ ಬಂದೋರ್ನ ಕೂರ್ಸಿ, ಕಾಪಿ ಕೊಟ್ಟು, ಆಮೇಲೆ ಈ ಕುರ್ಚಿ ನಮ್ದಲ್ಲ ಅಂತ ಹೆಂಗನ್ನೋದು ರೈಟರಮ್ಮಾ?” ಎಂದಳು.

ಅಪ್ಪ ತಾಲ್ಲೂಕು ಆಫೀಸಿಗೆ ಹೋಗಿ ಕೇಳಿದರು. ಬರೆದದ್ದನ್ನು ತಿದ್ದುವಂತಿಲ್ಲ, ಮುಂದಿನ ಸರ್ವೆಯಲ್ಲಿ ನೋಡೋಣ ಎಂದರಂತೆ. ಹೊಟ್ಟೆ ಮುಂದಿನ ಸರ್ವೆಯವರೆಗೆ ಕಾಯುತ್ತದೆಯೇ? ಮರುವರ್ಷದ ಮಳೆಯಲ್ಲಿ ಮಕ್ಕಳು ಹಲಸಿನ ಬೀಜ ಬೇಯಿಸಿಕೊಂಡು ತಿಂದದ್ದು ನಾನೇ ಕಂಡಿದ್ದೇನೆ. ಮಳೆ ಬಿಟ್ಟ ಮೇಲೆ ಅಕ್ಕ, ಘಟ್ಟದ ಕೆಳಗೆ ಕೆಲಸ ಐತಂತೆ ಎಂದು ಹೇಳಿ ಗಂಡನನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟುಹೋದಳು. ಆಮೇಲೆ ಸುದ್ದಿಯೇ ಇಲ್ಲ...

ನಮ್ಮ ಕಡೆ ಬಡವರು ಕಡಿಮೆಯಾಗಿದ್ದಾರೆ ಎಂದು ಈಗ ಆಗಾಗ ಪೇಪರಿನಲ್ಲಿ ಓದುತ್ತೇನೆ. ಸಂತೋಷಪಡಬೇಕು, ನನಗೆ ಸಿಟ್ಟೇ ಬರುತ್ತದೆ. ಹಾಗೆ ಕಡಿಮೆಯಾದವರಲ್ಲಿ ಅಕ್ಕನೂ ಒಬ್ಬಳಲ್ಲವೇ? ಅವಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅವಳು ಹೊಟ್ಟೆ ತುಂಬ ಉಣ್ಣುತ್ತಲೇ ಇದ್ದಾಳೆ.