ಒಂದು ಬಾಂಡಲಿ ಮಣ್ಣು

ನನ್ನ ಬಾಯಿ ಜೋರು. ಶಾಲೆಯಲ್ಲಿ ಮಕ್ಕಳ ಮುಂದೆ ಕಿರುಚಿ ಕಿರುಚಿ ಹೀಗಾಯಿತು ಎಂದು ನಾನು ಹೇಳಿಕೊಳ್ಳುತ್ತೇನೆ. ಹುಟ್ಟಿದಾಗಿನಿಂದಲೂ ಹೀಗೇ ಎನ್ನುತ್ತಾಳೆ ಅಮ್ಮ. ಅಪ್ಪ ತೀರಿಕೊಂಡ ಮೇಲೆ ಭದ್ರಾವತಿಯ ನ್ಯೂ ಟೌನ್‌ನಲ್ಲಿದ್ದ ಬಾಡಿಗೆ ಮನೆ ಬಿಡಿಸಿ ಅಮ್ಮನನ್ನು ಶಿವಮೊಗ್ಗದ ಹೊಸಮನೆ ಬಡಾವಣೆಗೆ, ನಮ್ಮ ಮನೆಗೆ ಕರೆತಂದೆ. ನಾನೊಬ್ಬಳೇ ಮಗಳು. "ಅಳಿಯನ ಮನೇಲಿ ಹೆಂಗೆ ಇರೋದೇ ಮಾರಾಯ್ತಿ" ಎಂದು ಅಮ್ಮ ಹತ್ತು ಸಲವಾದರೂ ಹೇಳಿರಬೇಕು. ಬಂದಾಗ ಅವಳ ಜೊತೆ ಎರಡು ಚೀಲ ಬಟ್ಟೆ, ಒಂದು ಬೂದು ಬೆಕ್ಕು. ಅಪ್ಪ ಸಾಕಿದ್ದು, ಬಿಟ್ಟು ಬರಲಾರೆ ಎಂದಳು. ಆಯ್ತು ಎಂದೆ. ಅವತ್ತು ದೊಡ್ಡ ಮನಸ್ಸು ತೋರಿಸುವುದು ಸುಲಭವಿತ್ತು.

ಮೂರನೇ ದಿನಕ್ಕೇ ದೇವರ ಕೋಣೆಯ ಬಾಗಿಲ ಹಿಂದೆ ಗಲೀಜು. ಆಮೇಲೆ ಅಕ್ಕಿ ಮೂಟೆಯ ಪಕ್ಕ. ಆಮೇಲೆ ನನ್ನವರ ಇಸ್ತ್ರಿ ಪ್ಯಾಂಟಿನ ಮೇಲೆ. ಥೂ, ಬೆಕ್ಕಿನ ಉಚ್ಚೆಯ ವಾಸನೆ ಗೊತ್ತಿಲ್ಲದವರೇ ಪುಣ್ಯವಂತರು. ಫಿನಾಯಿಲ್ ಹಾಕಿದೆ, ನಿಂಬೆಹಣ್ಣು ಉಜ್ಜಿದೆ, ಕರ್ಪೂರ ಇಟ್ಟೆ. ಅದು ಬೇರೆ ಮೂಲೆ ಹುಡುಕಿಕೊಂಡಿತು. ಮಾಡಿದ್ದಲ್ಲದೆ, ಹಾಳಾದ್ದು, ಟೈಲ್ಸ್ ಮೇಲೆ ಪರಪರ ಕೆರೆಯುತ್ತಿತ್ತು. ಆ ಸದ್ದು ಕೇಳಿದರೆ ಮೈಯೆಲ್ಲ ಉರಿದು ಪೊರಕೆ ಹಿಡಿದು ಓಡುತ್ತಿದ್ದೆ. ಬೆಕ್ಕಿಗಿಂತ ಮೊದಲು ಅಮ್ಮ ಬೆದರಿ, ಬಕೆಟ್ಟು ಬಟ್ಟೆ ಹಿಡಿದು ಬರುತ್ತಿದ್ದಳು.

"ಅದು ಮಣ್ಣು ಹುಡುಕ್ತಿದೆ ಕಣೆ," ಎಂದಳು ಒಂದು ದಿನ. "ಮಾಡಿದ್ದನ್ನ ಮುಚ್ಚೋಕೆ ಮಣ್ಣು ಬೇಕು ಅದಕ್ಕೆ. ಇಲ್ಲಿ ಎಲ್ಲೂ ಮಣ್ಣೇ ಇಲ್ವಲ್ಲ."

ನಿಜ. ಅಂಗಳದಲ್ಲಿದ್ದ ಎರಡು ಮಾರು ಜಾಗಕ್ಕೂ ಕಾರು ನಿಲ್ಲಿಸಲೆಂದು ಸಿಮೆಂಟು ಹಾಕಿಸಿದ್ದೆವು. ಅಕ್ಕಪಕ್ಕದ ಮನೆಗಳದ್ದೂ ಅದೇ ಕತೆ.

"ಗಾರೆಯವ್ರು ಬಿಟ್ಟು ಹೋದ ಬಾಂಡಲಿ ಇದ್ಯಲ್ಲ, ಅದ್ರಲ್ಲಿ ಒಂದಿಷ್ಟು ಮಣ್ಣು ತುಂಬಿ ಬಚ್ಚಲ ಹತ್ರ ಇಡ್ಲಾ? ದಿನಾ ನಾನೇ ಬದಲಾಯಿಸ್ತೀನಿ."

"ಅದೊಂದು ಬಾಕಿ ಇತ್ತು ನೋಡು! ಬೆಕ್ಕಿಗೆ ಮನೆಯೊಳಗೇ ಕಕ್ಕಸು ಬೇರೆ ಕೇಡು!" ಎಂದು ಕಿರುಚಿದೆ. ಅಮ್ಮ ಮತ್ತೆ ಆ ಮಾತು ಎತ್ತಲಿಲ್ಲ.

ಹೊಳೆ ದಾಟಿಸಿದ ಬೆಕ್ಕು ವಾಪಸು ಬರುವುದಿಲ್ಲ ಎನ್ನುತ್ತಾರೆ ನಮ್ಮ ಕಡೆ. ಒಂದು ಭಾನುವಾರ ಅಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಾರಿನಲ್ಲಿ ಕೂತೆ. ಸೀಟು ಹಾಳಾಗದಂತೆ ಪ್ಲಾಸ್ಟಿಕ್ ಹಾಸಿದ್ದೆ, ಅಷ್ಟು ಮುತುವರ್ಜಿ! "ಅಮ್ಮಂಗೆ ಒಂದ್ಮಾತು ಹೇಳ್ಬಹುದಿತ್ತು," ಎಂದರು ನನ್ನವರು. "ನೀವು ಸುಮ್ನೆ ಗಾಡಿ ಓಡ್ಸಿ," ಎಂದೆ. ತುಂಗೆಯ ಸೇತುವೆ ಮೇಲೆ ಕೂಗುತ್ತಿದ್ದ ಬೆಕ್ಕು ವಿದ್ಯಾನಗರ ಕಳೆಯುವಷ್ಟರಲ್ಲಿ ಸುಮ್ಮನಾಯಿತು.

ನ್ಯೂ ಟೌನ್‌ನ ಹಳೇ ಮನೆಗೆ ಇನ್ನೂ ಯಾರೂ ಬಂದಿರಲಿಲ್ಲ. ಹಿತ್ತಲಲ್ಲಿ ಚೀಲ ಬಿಚ್ಚಿದೆ. ಬೆಕ್ಕು ಓಡಲಿಲ್ಲ. ನೆಟ್ಟಗೆ ಪಪ್ಪಾಯಿ ಗಿಡದ ಬುಡಕ್ಕೆ ಹೋಗಿ, ಮುಂಗಾಲಲ್ಲಿ ಮಣ್ಣು ತೋಡಿ, ಕೂತು, ಮುಗಿಸಿ, ಅಚ್ಚುಕಟ್ಟಾಗಿ ಮುಚ್ಚಿತು. ಮೂಸಿ ನೋಡಿ ಇನ್ನೊಂದಿಷ್ಟು ಮಣ್ಣು ಎಳೆದು ಹಾಕಿತು. ಅಮ್ಮ ಹೇಳಿದ್ದು ಕಣ್ಣೆದುರೇ ನಡೆಯುತ್ತಿತ್ತು. ಒಂದು ಬಾಂಡಲಿ ಮಣ್ಣಿನಲ್ಲಿ ಮುಗಿಯುವ ವಿಷಯ. ಆದರೂ ನಾನು ಕಾರು ಹತ್ತಿದೆ. ಇಷ್ಟು ದೂರ ತಂದು ಮತ್ತೆ ಹೊತ್ತುಕೊಂಡು ಹೋದರೆ ನನ್ನ ಮಾತಿಗೇನು ಬೆಲೆ? ತಲೆಯಲ್ಲಿ ಇದ್ದದ್ದು ಅದೊಂದೇ. ಬರೆಯಲು ನಾಚಿಕೆಯಾಗುತ್ತದೆ. ಆ ಬೆಕ್ಕು ಆಮೇಲೆ ಏನಾಯಿತೋ, ನಾನು ಹೋಗಿ ನೋಡಲಿಲ್ಲ.

"ಹಳೇ ಮನೆ ಹತ್ರ ಬಿಟ್ಟು ಬಂದೆ, ಅಲ್ಲಿ ಪಕ್ಕದ ಮನೆಯವ್ರು ನೋಡ್ಕೋತಾರಂತೆ," ಎಂದು ಅಮ್ಮನಿಗೆ ಸುಳ್ಳು ಹೇಳಿದೆ. ಅವರನ್ನು ನಾನು ಮಾತಾಡಿಸಿಯೇ ಇರಲಿಲ್ಲ. ಅಮ್ಮ ಅಳಲಿಲ್ಲ, ಬೈಯಲಿಲ್ಲ. "ಹೋಗ್ಲಿ ಬಿಡು, ನಿಂಗೆ ತೊಂದ್ರೆ ಆಗ್ಬಾರ್ದು," ಎಂದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಜಗಳಕ್ಕೆ ನಾನು ತಯಾರಾಗಿಯೇ ಬಂದಿದ್ದೆ.

ಅಲ್ಲಿಂದ ಮುಂದೆ ಅಮ್ಮ ತುಂಬ ಅಚ್ಚುಕಟ್ಟಾದಳು. ಉಂಡ ತಟ್ಟೆ ಆಗಿಂದಾಗಲೇ ತೊಳೆದಿಡುವಳು. ಬಚ್ಚಲಿಗೆ ಹೋದರೆ ಎರಡು ಬಕೆಟ್ ನೀರು ಹೆಚ್ಚಿಗೆ ಸುರಿದು ಬರುವಳು. ತನ್ನ ಹಾಸಿಗೆ ಬಟ್ಟೆಯನ್ನು ನನ್ನ ಕೈಗೆ ಕೊಡದೆ ತಾನೇ ಒಗೆದು ಹಾಕುವಳು. "ಈ ವಯಸ್ಸಲ್ಲೂ ನಮ್ಮಮ್ಮ ಎಷ್ಟು ನೀಟು ಗೊತ್ತಾ!" ಎಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡೆ. ಕಣ್ಣಿದ್ದೂ ಕುರುಡಿ ನಾನು.

ಬೇಸಿಗೆಯಲ್ಲಿ ಅಮ್ಮನಿಗೆ ಉರಿಮೂತ್ರ ಶುರುವಾಗಿ ಚಳಿಜ್ವರ ಬಂತು. ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವರು ಪರೀಕ್ಷೆ ಮಾಡಿ, ಚೀಟಿ ಬರೆಯುತ್ತ ಕೇಳಿದರು: "ದಿನಕ್ಕೆ ಎಷ್ಟು ನೀರು ಕುಡೀತೀರಿ ಅಜ್ಜಿ?"

"ಬೆಳಿಗ್ಗೆ ಒಂದು ಲೋಟ. ಊಟಕ್ಕೆ ಒಂದು. ಮಧ್ಯಾಹ್ನದ ಮೇಲೆ ಮುಟ್ಟಲ್ಲಮ್ಮ."

"ಇಂಥಾ ಸೆಕೇಲಾ? ಯಾಕೆ?"

ಅಮ್ಮ ಸೆರಗು ಸರಿಮಾಡಿಕೊಂಡಳು. "ಈಗೀಗ ಕೆಮ್ಮಿದ್ರೆ ತಡೆಯೋಕಾಗಲ್ಲ, ಹಾಸಿಗೇಲೇ ಒಂದೆರಡು ಹನಿ ಹೋಗ್ಬಿಡತ್ತೆ. ಇವ್ಳಿಗೆ ವಾಸನೆ ಅಂದ್ರೆ ಆಗಲ್ಲ. ನಂಗೀಗ ಬೇರೆ ಮನೆ ಇಲ್ವಲ್ಲ."

ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. "ಅಯ್ಯೋ, ಏನಮ್ಮ ನೀನು!" ಎಂದು ನಾನು ನಗಲು ಹೋದೆ. ಅಮ್ಮ ನಗಲಿಲ್ಲ.