ಘೋಣಸಗಿಯ ಜೋಡಿತೂಕ

ಚಂದ್ರಕಾಂತ ಸಾವುಕಾರರು ಆ ದಿನ ತನ್ನನ್ನು ತೂಕದ ಕಾಟಾದ ಕುರ್ಚಿಯಿಂದ ಎಬ್ಬಿಸಿದ್ದು ತಪ್ಪು ಎಂದು ಅಮೋಘಸಿದ್ದ ಹೇಳುವುದಿಲ್ಲ. ಯಜಮಾನ ಎಂದ ಮೇಲೆ ಕೂರಿಸುತ್ತಾನೆ, ಎಬ್ಬಿಸುತ್ತಾನೆ. ಆದರೆ ಹಮಾಲರು, ಟೆಂಪೋದವರು, ಊರೂರಿನ ರೈತರು ನೋಡುತ್ತಿರುವಾಗ, "ಏಳಲೇ, ನಿನ್ನ ಕೈ ಶುದ್ಧಿಲ್ಲ" ಎಂದರಲ್ಲ, ಅದು ತಪ್ಪು. ಇವತ್ತಿಗೂ ಆ ಮಾತು ನೆನಪಾದರೆ ಅವನು ಉಣ್ಣುತ್ತಿದ್ದ ತಾಟು ಸರಿಸಿ ಏಳುತ್ತಾನೆ. ಹೆಂಡತಿ ಮಹಾನಂದಾಳಿಗೆ ಇದು ರೂಢಿಯಾಗಿಬಿಟ್ಟಿದೆ. "ಸಾವುಕಾರ್ರ ನೆನಪಾದ್ರೇನ? ಮುಚ್ಚಿಡ್ತೀನಿ, ಸಿಟ್ಟ ಇಳದ ಮ್ಯಾಲ ಉಣ್ಣುವಂತ್ರಿ" ಎನ್ನುತ್ತಾಳೆ.

ಅಮೋಘಸಿದ್ದ ಬಬಲೇಶ್ವರದವನು. ನಾಲ್ಕನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟ. ಬಿಡಿಸಿದ್ದು ಬಡತನವಲ್ಲ, ಮಾಸ್ತರರ ಜೊತೆಗಿನ ಜಗಳ. ಸಂತೆಯಲ್ಲಿ ಚೀಲ ಹೊತ್ತ, ಜೀಪಿನ ಹಿಂದೆ ಜೋತುಬಿದ್ದು ಮಂದಿಯನ್ನು ಕೂಗಿ ಕರೆದ, ಪ್ರತಿ ಕೆಲಸವನ್ನೂ ಒಂದೊಂದು ಜಗಳಕ್ಕೆ ಕಳೆದುಕೊಂಡ. ತಿಕೋಟಾದ ಕಡೆ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವವರು ಹೆಚ್ಚಾಗಿ, ಸಾವುಕಾರರು ಅಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟಿಸಿದಾಗ ಬಾಕ್ಸ್ ಹೊರಲು ಸೇರಿದವನು, ಬರಬರುತ್ತ ತೂಕದ ಕುರ್ಚಿಗೆ ಏರಿದ. ಅದಕ್ಕೂ ಅವನ ಸಿಟ್ಟೇ ಕಾರಣ. ತೂಕದಲ್ಲಿ ಯಾರ ಮುಲಾಜೂ ಇರಲಿಲ್ಲ. ಸಾವುಕಾರರ ಅಳಿಯನ ಮಾಲು ಬಂದಾಗಲೂ, "ಬಾಕ್ಸಿನ ಮ್ಯಾಲಿಂದ ಕೈ ತಗೀರಿ ಅಳಿಯಂದ್ರ, ತೂಗೂದು ಮಣೂಕ, ನಿಮ್ಮನ್ನಲ್ಲ" ಎಂದಿದ್ದ. ಇಂಥವನು ಕಾಟಾದ ಮುಂದಿದ್ದರೆ ರೈತರು ನಂಬುತ್ತಾರೆ ಎಂದು ಸಾವುಕಾರರೇ ನಕ್ಕಿದ್ದರು.

ಅಂಗಳದಲ್ಲಿ ಎರಡು ಕಾಟಾ, ನಡುವೆ ಅವನ ಕುರ್ಚಿ. ಮಾಲು ಏರಿಸಿ, ರೈತನ ನಂಬರು ಹಾಕಿ, ಹಸಿರು ಗುಂಡಿ ಒತ್ತಿದರೆ ಹೆಸರೂ ತೂಕವೂ ವಿಜಯಪುರದಲ್ಲಿಟ್ಟಿದ್ದ ಸರ್ವರಿಗೆ ಹೋಗಿ ಒಂದು ಸಾಲಿನಲ್ಲಿ ನಿಲ್ಲುತ್ತಿದ್ದವು. ಅಲ್ಲಿನ ಪ್ರೋಗ್ರಾಂ ಸಾಲಿನ ಮುಂದಿನ ಹೆಸರು ತೆಗೆದುಕೊಂಡು, ಯಾವ ಕೋಣೆ, ಯಾವ ಜಾಗ ಎಂದು ಗೊತ್ತುಮಾಡಿ, ರೈತನ ಫೋನಿಗೆ ಮೆಸೇಜ್ ಕಳಿಸುತ್ತಿತ್ತು. ಆ ಮೆಸೇಜ್ ತೋರಿಸದ ಹೊರತು ಹಮಾಲರು ಬಾಕ್ಸ್ ಮುಟ್ಟುತ್ತಿರಲಿಲ್ಲ. ಈ ಪ್ರೋಗ್ರಾಂ ಬರೆದವಳು ವಿಜಯಪುರದ ಜಲನಗರದ ಸಮ್ರೀನ. ಡಿಪ್ಲೊಮಾ ಮುಗಿಸಿ, ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಇಂಥ ಕೆಲಸ ಮಾಡಿಕೊಡುತ್ತಿದ್ದಳು. ಅಮೋಘಸಿದ್ದ ಅವಳನ್ನು ನೋಡಿರಲಿಲ್ಲ, ಫೋನಿನಲ್ಲಿ ದನಿಯಷ್ಟೇ ಕೇಳಿದ್ದ.

ಬೇರೆ ಊರಿನವರು ಒಬ್ಬೊಬ್ಬರೇ ಬಂದು ತೂಗಿಸುತ್ತಿದ್ದರು. ಘೋಣಸಗಿಯವರದು ಬೇರೆ ರೀತಿ. ಅಲ್ಲಿ ಒಣಗಿಸುವ ಶೆಡ್ ಎರಡೆರಡು ಮನೆಗೆ ಒಂದು. ಇಬ್ಬರ ಮಾಲೂ ಒಂದೇ ಟೆಂಪೋದಲ್ಲಿ ಬರುತ್ತದೆ, ಬಂದ ಮೇಲೆ ಯಾರದು ಮೊದಲು ಎಂಬ ತಕರಾರು ಏಳುತ್ತದೆ. ಮೊದಲು ಏರಿದವನಿಗೆ ಒಳಗೆ ಒಳ್ಳೆಯ ಜಾಗ ಸಿಗುತ್ತದೆ ಎಂದು ಯಾರೋ ಯಾವಾಗಲೋ ಹೇಳಿದ್ದರಂತೆ. ಅದಕ್ಕೇ ಎರಡೂ ಕಾಟಾದ ಮೇಲೆ ಇಬ್ಬರ ಮಾಲು ಏರಬೇಕು, ಇಬ್ಬರೂ "ಹೂಂ" ಎನ್ನಬೇಕು, ಅಮೋಘಸಿದ್ದ ಎರಡೂ ಕೈಯಿಂದ ಎರಡೂ ಗುಂಡಿಯನ್ನು ಒಮ್ಮೆಲೇ ಒತ್ತಬೇಕು. ಅದಕ್ಕೆ ಜೋಡಿತೂಕ ಎಂದೇ ಹೆಸರು ಬಿದ್ದಿತ್ತು. "ಲಗ್ನದಾಗ ಅಕ್ಕಿಕಾಳ ಹಾಕಿಧಂಗ ಮಾಡತೀರಲ್ಲೋ" ಎಂದು ಬೈಯುತ್ತಲೇ ಅವನು ಒತ್ತುತ್ತಿದ್ದ.

ಆ ಸುಗ್ಗಿಯಲ್ಲಿ ಘೋಣಸಗಿಯವರ ಹೆಸರುಗಳು ಕಳೆದುಹೋಗತೊಡಗಿದವು. ಎಲ್ಲರದೂ ಅಲ್ಲ, ಯಾವಾಗಲೂ ಅಲ್ಲ. ಜೋಡಿಯಲ್ಲಿ ಒಬ್ಬನಿಗೆ ಮೆಸೇಜ್ ಬರುತ್ತಿತ್ತು, ಇನ್ನೊಬ್ಬನಿಗೆ ಬರುತ್ತಿರಲಿಲ್ಲ. ಅವನು ಕಾದು, ಕೂಗಾಡಿ, ಮತ್ತೆ ಗುಂಡಿ ಒತ್ತಿಸಿದರೆ ತಕ್ಷಣ ಬರುತ್ತಿತ್ತು. ಒಂದು ಮಧ್ಯಾಹ್ನ ಸಂಗಣ್ಣನೆಂಬ ರೈತ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮೆಸೇಜ್ ಬಾರದೆ ಅವನ ಮಾಲೆಲ್ಲ ಬಿಸಿಲಲ್ಲೇ ನಿಂತಿತ್ತು. ಹಸಿರಾಗಿದ್ದ ಒಣದ್ರಾಕ್ಷಿ ಬಣ್ಣ ಕೆಟ್ಟು ಕಂದಾಗಿತ್ತು.

"ಎರಡನೇ ಸಲ ಒತ್ತಿದ್ರ ಹೊಕ್ಕೈತಿ, ಮೊದಲನೇ ಸಲ ಯಾಕ ಹೋಗಂಗಿಲ್ಲೋ?" ಎಂದ ಸಂಗಣ್ಣ. "ಹೋದ ವರ್ಷ ಕಾಟಾಕ್ಕ ಕಾಲ ತಾಗಿಸಿದೆ ಅಂತ ನನ್ನ ಅಂಗಿ ಹಿಡದಿದ್ದಿಲ್ಲ? ಆ ಸಿಟ್ಟ ಈಗ ತೀರಸಾಕತ್ತಿ."

"ಸಿಟ್ಟ ತೀರಸೂದಿದ್ರ ಗುಂಡಿ ಯಾಕ, ನಿನ್ನ ಕುತಗಿ ಒತ್ತತಿದ್ದೆ!"

ಹೇಳಬಾರದ ಮಾತನ್ನು ಹೇಳಬಾರದ ಹೊತ್ತಿನಲ್ಲಿ ಹೇಳಿದ್ದ. ಸಾವುಕಾರರು ಎಲ್ಲರೆದುರು ಸಮ್ರೀನಳಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು. ಅವಳು ನೋಡಿ ಹೇಳಿದಳು: "ಸಂಗಣ್ಣ ಅವರ ಹೆಸರ ಇಲ್ಲಿ ಎಲ್ಲೂ ಇಲ್ರಿ ಸರ್. ಕಾಟಾದಿಂದ ಬಂದಿಲ್ಲ ಅನಸ್ತೈತಿ." ಅಷ್ಟೇ ಸಾಕಾಯಿತು. ಕುರ್ಚಿಯಿಂದ ಎಬ್ಬಿಸಿ ಅವನನ್ನು ಗೇಟಿನ ಹತ್ತಿರ ಒಳನುಗ್ಗುವ ಆಡು ಹೊಡೆದೋಡಿಸಲು ನಿಲ್ಲಿಸಿದರು.

ಆಡು ಓಡಿಸುವುದಕ್ಕೆ ಅವನು ನಾಚುವವನಲ್ಲ. ಆದರೆ ಸುದ್ದಿ ಅವನಿಗಿಂತ ಮೊದಲೇ ಬಬಲೇಶ್ವರ ಮುಟ್ಟಿತ್ತು. ಜೀಪಿನಲ್ಲಿ ಪಕ್ಕ ಕುಳಿತವನು ತನ್ನ ಕೈಚೀಲವನ್ನು ಆ ಕಡೆಯ ತೊಡೆಯ ಮೇಲೆ ಇಟ್ಟುಕೊಂಡ. ಸಿಡುಕ ಎನ್ನಲಿ, ಒರಟ ಎನ್ನಲಿ, ಅದೆಲ್ಲ ನಿಜ. ತೂಕದವನ ಕೈ ಶುದ್ಧವಿಲ್ಲ ಎಂದರೆ ಮುಂದೆ ಅವನನ್ನು ಯಾವ ಅಂಗಳವೂ ಒಳಗೆ ಕರೆಯುವುದಿಲ್ಲ.

ಮರುದಿನ ಅವನು ಜಲನಗರಕ್ಕೆ ಹೋದ. ಸಮ್ರೀನಳ ಮನೆ ಹುಡುಕಿ, ಗೇಟು ಹಿಡಿದು ರಸ್ತೆಯಿಂದಲೇ ಕೂಗತೊಡಗಿದ. ಅವಳ ತಾಯಿ ಸಬೀರಾ ಬಾಗಿಲು ತೆರೆದರು. ಸ್ವಲ್ಪ ಹೊತ್ತು ಕೇಳಿ, "ಒಳಗ ಬಂದ ಬಯ್ರಿ ಅಣ್ಣಾರ, ಹೊರಗ ಬಿಸಲ ಭಾಳ ಐತಿ" ಎಂದರು.

ಚಹಾ ಮುಂದಿದ್ದರೆ ಬೈಯುವುದು ಕಷ್ಟ. ಸಮ್ರೀನ ಎದುರು ಕುಳಿತಳು. "ನಾ ಇಲ್ಲಿ ಎಷ್ಟೋ ಸಲ ಹೆಸರ ಹಾಕಿ ನೋಡೇನ್ರಿ ಕಾಕಾ. ಒಂದ ಹೆಸರೂ ಕಳದಿಲ್ಲ. ಗುಂಡಿ ಒತ್ತಿದ್ದು ಖರೇನಾ?"

"ಒತ್ತೇನಿ ಅಂದ್ರ ಒತ್ತೇನಿ!"

"ಹೆಂಗ ಒತ್ತಿದ್ರಿ?"

"ಕೈಲೇ ಒತ್ತಿದೆ. ಗುಂಡಿ ಯಾರರೆ ಕಾಲಿಲೇ ಒತ್ತತಾರೇನು?"

"ಸಿಟ್ಟಾಗಬ್ಯಾಡ್ರಿ. ತೋರಸ್ರಿ ಒಂದಸಲ."

ಅವನು ಚಹಾದ ಕಪ್ಪು ಕೆಳಗಿಟ್ಟು, ಎರಡೂ ಹೆಬ್ಬೆಟ್ಟುಗಳನ್ನು ಟೇಬಲ್ಲಿನ ಮೇಲೆ ಒಮ್ಮೆಲೇ ಕುಕ್ಕಿದ.

"ಎರಡೂ ಕೈ ಯಾಕ?" ಎಂದಳು ಸಮ್ರೀನ.

ಅವನು ಜೋಡಿತೂಕದ ಕಥೆ ಹೇಳಿದ. ಘೋಣಸಗಿಯವರ ಜಂಬಕ್ಕೆ ನಾಲ್ಕು ಬೈಗುಳವನ್ನೂ ಸೇರಿಸಿದ. ಅವಳಿಗೆ ಬೈಗುಳ ಕೇಳಿಸಿದಂತೆ ಕಾಣಲಿಲ್ಲ. ಎದ್ದು ಕಂಪ್ಯೂಟರಿನ ಮುಂದೆ ಕುಳಿತು ಹಳೆಯ ದಾಖಲೆ ಒಂದೊಂದಾಗಿ ತೆಗೆದಳು. ಸಂಗಣ್ಣನ ಹೆಸರು ಕಳೆದ ಹೊತ್ತಿನಲ್ಲೇ ಅವನ ಜೋಡಿ ಯಲಗೂರಪ್ಪನಿಗೆ ಅದೇ ಮೆಸೇಜ್ ಎರಡು ಸಲ ಹೋಗಿತ್ತು. ಹಿಂದಿನ ಜೋಡಿಯಲ್ಲೂ ಹಾಗೇ, ಅದರ ಹಿಂದಿನದರಲ್ಲೂ ಹಾಗೇ.

"ಎರಡ ಸಲ ಹೋಗಿದ್ದ ನಾ ಮೊದಲ ನೋಡಿದ್ದೆ" ಎಂದಳು ತನ್ನಷ್ಟಕ್ಕೆ ಎಂಬಂತೆ. "ಹೆಚ್ಚಾದ್ರ ಏನ ತ್ರಾಸ ಅಂತ ಬಿಟ್ಟಿದ್ದೆ."

"ನನಗ ತಿಳಿಯೂಹಂಗ ಹೇಳವಾ."

ಅವಳು ಕಪಾಟಿನ ಮೇಲಿದ್ದ ಹಳೆಯ ಲಗ್ನದ ಕಾರ್ಡುಗಳನ್ನು ತಂದು ಒಂದರ ಮೇಲೊಂದು ಪೇರಿಸಿದಳು. ಒಂದು ಕಡೆ ತಾಯಿಯನ್ನು, ಇನ್ನೊಂದು ಕಡೆ ಅವನನ್ನು ಕೂರಿಸಿದಳು. "ಇದು ಸಾಲು. ನೀವಿಬ್ಬರು ಎರಡ ಪ್ರೋಗ್ರಾಂ. ಮೆಸೇಜ್ ಲಗೂ ಹೋಗ್ಲಿ ಅಂತ ಈ ಸಲ ಒಂದರ ಬದ್ಲಿ ಎರಡ ಹಚ್ಚೇನಿ. ಮ್ಯಾಲಿನ ಕಾರ್ಡ್ ಯಾರದೈತಿ ನೋಡಿ ಜೋರಲೇ ಹೇಳ್ರಿ, ಅದ ಮೆಸೇಜ್. ಆಮ್ಯಾಲ ಮ್ಯಾಲಿಂದ ಒಂದ ತಗದ ಕೆಳಗ ಒಗೀರಿ. ಮತ್ತ ನೋಡಬಾರದು."

ಅವನಿಗೆ ಓದು ನಿಧಾನ. ಸಬೀರಾ ಅವನಿಗಾಗಿ ಕಾದರು. ಇಬ್ಬರೂ ಒಟ್ಟಿಗೆ, "ಜೀನತ" ಎಂದರು. ಸಬೀರಾ ಮೇಲಿನ ಕಾರ್ಡು ಒಗೆದರು, ಅವನೂ ಒಂದು ಒಗೆದ.

"ಈಗ ನೀವ ಒಗದದ್ದು ಯಾರದೈತಿ, ಎತ್ತಿ ನೋಡ್ರಿ ಕಾಕಾ."

ಅವನು ಎತ್ತಿ ಓದಿದ. ಅದರಲ್ಲಿ ಇದ್ದದ್ದು ಗೈಬುಸಾಬನ ಮಗನ ಲಗ್ನ.

"ಗೈಬುಸಾಬನ ಹೆಸರ ಯಾರೂ ಕೂಗಲೇ ಇಲ್ಲ, ಆದ್ರ ಕಾರ್ಡ್ ಹೋತು. ಜೀನತಂದು ಎರಡ ಸಲ ಕೂಗಿದ್ರಿ. ಸಾಲಿನಾಗ ಒಬ್ಬನ ಇದ್ರ ಏನೂ ಆಗಂಗಿಲ್ಲ. ಇಬ್ಬರ ಮಾಲೂ ಒಮ್ಮೆಲೇ ಬಿದ್ರ ಎರಡೂ ಪ್ರೋಗ್ರಾಂ ಒಮ್ಮೆಲೇ ಎಚ್ಚರಾಗಿ ಒಂದ ಹೆಸರ ನೋಡತಾವು. ಹಂಗ ಒಮ್ಮೆಲೇ ಹಾಕಾವ್ರು ಘೋಣಸಗಿಯವರಷ್ಟ. ನಾ ಇಲ್ಲಿ ಒಬ್ಬಾಕೀನ ಕುಂತ ಒಂದೊಂದ ಹಾಕಿ ನೋಡಿದೆ, ನನಗೆಲ್ಲಿ ಸಿಗತೈತಿ?"

ಅಮೋಘಸಿದ್ದನಿಗೆ ಎಲ್ಲ ತಿಳಿಯಿತೆಂದಲ್ಲ. ಆದರೆ ಕಾರ್ಡು ಒಗೆದ ಕೈ ತನ್ನದೇ ಆಗಿದ್ದರಿಂದ ಮುಖ್ಯವಾದದ್ದು ತಿಳಿಯಿತು. "ಹಂಗಾದ್ರ ನಾ ಕಳ್ಳಲ್ಲ" ಎಂದ.

"ಅಲ್ರಿ." ಅವಳು ಕಾರ್ಡುಗಳನ್ನು ಕೂಡಿಸುತ್ತ ಹೇಳಿದಳು: "ಇದನ್ನ ಈಗ ಇಲ್ಲೇ ಕುಂತ ಸರಿ ಮಾಡಬಹುದು. ನಾಳಿಂದ ಯಾರ ಹೆಸರೂ ಕಳಿಯಂಗಿಲ್ಲ. ಆದ್ರ ನಿಮ್ಮನ್ನ ಎಬ್ಬಿಸಿದ ಮ್ಯಾಲ ಸರಿಹೋತು ಅಂತಾರ. ನಿಮ್ಮ ಮ್ಯಾಲಿನ ಮಾತ ಹಂಗ ಉಳೀತೈತಿ. ಮಂದಿ ಮುಂದ ಕೆಡಿಸಿ ತೋರಸಬೇಕು."

ಸಬೀರಾ ನಡುವೆ ಬಾಯಿ ಹಾಕಿದರು. "ಅಂಗಳದಾಗ ನಿಂತ ನನ್ನ ತಪ್ಪ ಅಂತ ಹೇಳತೀಯೇನ? ಆಮ್ಯಾಲ ಆ ಸಾವುಕಾರ ನಿನಗ ಕೆಲಸ ಕೊಡ್ತಾನೇನ?"

"ನನ್ನ ತಪ್ಪ ನಾ ಹೇಳಲಿಲ್ಲಂದ್ರ ಇವರ ಹೇಳಬೇಕೇನು ಅಮ್ಮೀ?"

ಅಮೋಘಸಿದ್ದ ಚಹಾ ಮುಗಿಸಿ ಎದ್ದ. ಬಂದ ಕೂಡಲೇ ರಸ್ತೆಯಲ್ಲಿ ನಿಂತು ಆಡಿದ ಮಾತಿನ ಬಗ್ಗೆ ಏನಾದರೂ ಹೇಳಬೇಕೆನಿಸಿತು. ಅಂಥ ಮಾತು ಅವನ ಬಾಯಿಗೆ ಅಭ್ಯಾಸವಿರಲಿಲ್ಲ. "ಚಹಾ ಚಲೋ ಇತ್ರಿ" ಎಂದ.

ಸಮ್ರೀನ ತನ್ನ ಸ್ಕೂಟಿಯಲ್ಲಿ ತಿಕೋಟಾಕ್ಕೆ ಬಂದಳು. ಯಲಗೂರಪ್ಪನನ್ನೂ ಸಂಗಣ್ಣನನ್ನೂ ಕರೆಸಿ, ಖಾಲಿ ಬಾಕ್ಸ್ ಏರಿಸಿ, ಅಮೋಘಸಿದ್ದನನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದಳು. ಹಮಾಲರು ಬೀಡಿ ಆರಿಸಿ ಸುತ್ತ ನಿಂತರು. ಇಬ್ಬರೂ "ಹೂಂ" ಎಂದರು, ಅವನು ಒತ್ತಿದ. ಎರಡು ಫೋನಿಗೂ ಮೆಸೇಜ್ ಬಂತು. ಮತ್ತೆ ಒತ್ತಿದ, ಮತ್ತೆ ಬಂತು. ಸಾವುಕಾರರು ನಗತೊಡಗಿದರು. "ಎಲ್ಲಾರೂ ನೋಡಾಕತ್ರ ಕೈ ಶುದ್ಧ ಆತ ನೋಡ್ರಿ."

ಅವನು ಕುರ್ಚಿಯಿಂದ ಅರ್ಧ ಎದ್ದ. "ಕುಂದರ್ರಿ ಕಾಕಾ" ಎಂದಳು ಸಮ್ರೀನ, ಮೆಲ್ಲಗೆ. "ಎರಡೂ ಒಂದ ಗಳಿಗಿಗೆ ನೋಡಬೇಕು. ಪ್ರತಿ ಸಲ ಆಗಂಗಿಲ್ಲ. ಒತ್ತಕೋತ ಹೋಗ್ರಿ."

ಅವನು ಒತ್ತುತ್ತಲೇ ಹೋದ. ಹೆಬ್ಬೆಟ್ಟು ನೋಯತೊಡಗಿತು. ಜನ ಬೇಸತ್ತು ಚದುರುವ ಹೊತ್ತಿಗೆ ಯಲಗೂರಪ್ಪನ ಜೇಬಿನಲ್ಲಿ ಫೋನು ಎರಡು ಸಲ ಸದ್ದು ಮಾಡಿತು. ಸಂಗಣ್ಣನ ಫೋನು ಸುಮ್ಮನಿತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಬರಲಿಲ್ಲ.

"ಲೇ ಯಲಗೂರ್ಯಾ, ಎರಡೆರಡ ಬರಾಕತ್ರೂ ಬಾಯಿ ಬಿಡಲಿಲ್ಲಲ್ಲೋ!" ಎಂದ ಸಂಗಣ್ಣ.

"ನನಗೇನ ಗೊತ್ತೋ ಯಪ್ಪಾ. ಸಾವುಕಾರ್ರು ನನಗ ಮರ್ಯಾದಿ ಜಾಸ್ತಿ ಕೊಡಾಕತ್ತಾರ ಅನಕೊಂಡೆ."

ಅಂಗಳವೆಲ್ಲ ನಕ್ಕಿತು. ಆ ನಗುವಿನಲ್ಲೇ ಮಾತು ಮುಗಿದುಹೋಗಬಹುದಿತ್ತು. ಸಮ್ರೀನ ಹಾಗೆ ಬಿಡಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದಳು: "ಕಾಟಾದಿಂದ ಹೆಸರ ಬಂದಿತ್ರಿ. ನನ್ನ ಪ್ರೋಗ್ರಾಂ ಅದನ್ನ ಓದಲಾರದ ಒಗದೈತಿ. ಬಂದಿಲ್ಲ ಅಂತ ನಾ ಹೇಳಿದ್ದು ತಪ್ಪು. ಇವರದೇನೂ ತಪ್ಪಿಲ್ಲ."

ಆಮೇಲೆ ಆಫೀಸಿನಲ್ಲಿ ಕುಳಿತು ಸರಿಪಡಿಸಿದಳು. ಸಾಲಿನ ಮುಂದೆ ಯಾವ ಪ್ರೋಗ್ರಾಂ ಬಂದರೂ ನೋಡುವುದೂ ತೆಗೆಯುವುದೂ ಒಂದೇ ಕೆಲಸ. ಅದು ಮುಗಿಯುವವರೆಗೆ ಇನ್ನೊಂದು ಕೈ ಹಾಕುವಂತಿಲ್ಲ. ಅಮೋಘಸಿದ್ದ ಹೊರಗೆ ಮತ್ತೆ ಒತ್ತಿದ, ಹೊತ್ತು ಇಳಿಯುವವರೆಗೆ ಒತ್ತಿದ. ಒಂದು ಹೆಸರೂ ಕಳೆಯಲಿಲ್ಲ.

ಸಾವುಕಾರರು ಹೋಗುವಾಗ, "ಆತ ಬಿಡ, ನಾಳಿಂದ ಕುರ್ಚಿಗೆ ಬಾ" ಎಂದರು. ಅವನು ನಿಂತೇ ಇದ್ದ. ಎಷ್ಟು ಜನರೆದುರು ಅಂದಿದ್ದರೋ ಅಷ್ಟು ಜನರೆದುರು ಹಿಂತೆಗೆದುಕೊಳ್ಳುತ್ತಾರೆ ಎಂದು ಕಾದ. ಅವರ ಕಾರು ಗೇಟು ದಾಟಿತು.

ಮುಂದಿನ ಸುಗ್ಗಿಗೆ ಕಾಟಾದ ಹತ್ತಿರ ಹೊಸ ಕಂಪ್ಯೂಟರ್ ಬಂತು. ಹೊರಗಿನ ಊರಿನ ಯಾರೋ ಬಂದು ಬೇರೆ ಪ್ರೋಗ್ರಾಂ ಹಾಕಿದರು. ಸಂಗಣ್ಣ ಮಾಲು ತಂದವನು, "ಆ ಹುಡುಗಿ ಎಲ್ರಿ? ಚಲೋ ಇದ್ಲಲ್ಲ" ಎಂದು ಕೇಳಿದ. ಸಾವುಕಾರರು ಅಲ್ಲೇ ನಿಂತಿದ್ದರು.

"ತನ್ನ ಬಾಯಿಲೇ ತಪ್ಪ ಒಪ್ಪಿದಾಕೀಗೆ ಮತ್ತ ಹೆಂಗ ಕೊಡೂದೋ? ರೈತರ ಮುಂದ ನನ್ನ ಮಾನಾ ಕಳದ್ಲು."

ಸಂಗಣ್ಣ ಅಮೋಘಸಿದ್ದನ ಮುಖ ನೋಡಿದ. ಹಮಾಲರೂ ನೋಡಿದರು. ಅವನ ಸಿಟ್ಟು ಗೊತ್ತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ಕಾದರು. ಬಾಯಿಗೆ ಬಂದದ್ದು ಏನೇನೋ ಇತ್ತು. ಕುರ್ಚಿಯ ಎರಡೂ ಕಡೆ ಕಾಟಾ ಇದ್ದವು, ಮಾಲು ಏರಿತ್ತು.

"ಮುಂದಿನ ಬಾಕ್ಸ್ ತರ್ರಿ" ಎಂದ.

ಈಗಲೂ ಏನಾದರೂ ಕೆಲಸವಿದ್ದರೆ ವಿಜಯಪುರಕ್ಕೆ ಹೋಗುತ್ತಾನೆ. ಬಸ್ ಸ್ಟ್ಯಾಂಡಿನ ಹೊರಗೆ ಆಟೋದವರು ಜಲನಗರ, ಜಲನಗರ ಎಂದು ಕೂಗುತ್ತಿರುತ್ತಾರೆ. ಒಮ್ಮೆ ಮಹಾನಂದಾ ಜೊತೆಗಿದ್ದಳು. "ಹೋಗಿ ಬರೂಣಲ್ರಿ, ಆ ಹುಡುಗೀನ ಮಾತಾಡಸ್ಕೊಂಡ" ಎಂದಳು.

"ಹೋಗಿ ಏನ ಹೇಳಲಿ?" ಎಂದ ಅವನು. ಇಬ್ಬರೂ ಬಬಲೇಶ್ವರದ ಬಸ್ಸು ಹತ್ತಿದರು.