ಬೆಳಗಿನ ಆರು ಗಂಟೆಯ ಫೈನಲ್

ಬೆಳಗಿನ ಐದೂವರೆ. ಕಾಲೇಜು ಮೈದಾನದಲ್ಲಿ ತಲೆಗೆ ಟವಲ್ ಸುತ್ತಿಕೊಂಡ ಹೆಂಗಸೊಬ್ಬರು ತೂತುಬಿದ್ದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ ಹಿಮ್ಮುಖವಾಗಿ ನಡೆಯುತ್ತಿದ್ದಾರೆ. ದಾರ ಹಿಡಿದಿಲ್ಲ, ಆದರೂ ಗೆರೆ ಕೂದಲೆಳೆಯಷ್ಟೂ ಸೊಟ್ಟಗಿಲ್ಲ. "ಬೇಗ ಬೇಗ! ಏಳೂವರೆಗೆ ಅವ್ರು ಬಂದ್ಬಿಡ್ತಾರೆ," ಎಂದು ಅಭ್ಯಾಸಕ್ಕಾಗಿ ಬಲೆ ಕಟ್ಟುತ್ತಿರುವ ಹುಡುಗಿಯರನ್ನು ಅವಸರಪಡಿಸುತ್ತಾರೆ. 'ಅವರು' ಎಂದರೆ ಹುಡುಗರ ಕ್ರಿಕೆಟ್ ತಂಡ. ಮೈದಾನ ಇಡೀ ದಿನ ಅವರದ್ದೇ.

ಹಾಜರಿ ಪುಸ್ತಕದಲ್ಲಿ ಇವರು ಸ್ವಚ್ಛತಾ ಸಿಬ್ಬಂದಿ. ಹುಡುಗಿಯರ ಬಾಯಲ್ಲಿ ಸೀಟಿ ಅಕ್ಕ. ಹದಿನೆಂಟು ವರ್ಷಗಳಿಂದ ಹೆಣ್ಣುಮಕ್ಕಳ ಅಂತರ ತರಗತಿ ವಾಲಿಬಾಲ್ ನಿಂತಿರುವುದು ಇವರೊಬ್ಬರ ಹೆಗಲ ಮೇಲೆ. ಹದಿನಾಲ್ಕು ತಂಡ, ಹದಿಮೂರು ಪಂದ್ಯ, ಹದಿಮೂರು ಮುಂಜಾವು. ಚೆಂಡು ಎರಡೇ, ಒಂದಕ್ಕೆ ಅಕ್ಕನೇ ಹಾಕಿದ ತೇಪೆ. ಆಟ ಮುಗಿಸಿ ಹನ್ನೆರಡು ಕೊಠಡಿ ಗುಡಿಸಬೇಕು.

"ಮೊದಲ್ನೇ ವರ್ಷ ದೈಹಿಕ ಶಿಕ್ಷಣದ ಸಾರ್ ಬರ್ಲೇ ಇಲ್ಲ. ಹುಡುಗೀರು ಕಾದು ಕಾದು ಅಳೋಕೆ ಶುರು ಮಾಡಿದ್ರು. ನಾನೇ ಸೀಟಿ ತಗೊಂಡೆ. ಸ್ಟೋರ್ ರೂಮಲ್ಲಿ ಸಿಕ್ಕಿದ್ದ ನಿಯಮದ ಪುಸ್ತಕ ಓದಿ ಓದಿ ಬಾಯಿಪಾಠ ಆಗಿತ್ತಲ್ಲ!"

ಸಾರ್ ಆಮೇಲೂ ಬರಲಿಲ್ಲ. ವಾರ್ಷಿಕ ವರದಿಯಲ್ಲಿ ಮಾತ್ರ ತಪ್ಪದೆ ಬರುತ್ತಾರೆ: 'ಪಂದ್ಯಗಳು ದೈಹಿಕ ಶಿಕ್ಷಣ ನಿರ್ದೇಶಕರ ಸಮರ್ಥ ಮಾರ್ಗದರ್ಶನದಲ್ಲಿ ಜರುಗಿದವು.'

ಕಳೆದ ವಾರ ಫೈನಲ್. ಕೊನೆಯ ಸೆಟ್, ಎರಡನೇ ವರ್ಷದವರು ಹದಿನಾಲ್ಕು, ಮೂರನೇ ವರ್ಷದವರು ಹದಿಮೂರು. ಏಳು ಇಪ್ಪತ್ತಕ್ಕೇ ಪಿಚ್‌ ರೋಲರ್ ಗಡಗಡ ಎನ್ನುತ್ತ ಗೆರೆಯ ತನಕ ಬಂತು. ಹಿಂದೆಯೇ ಕ್ರಿಕೆಟ್ ಕೋಚ್.

"ಏ, ಜಾಗ ಖಾಲಿ ಮಾಡಿ! ಹುಡುಗೀರಾಟಕ್ಕೆ ಇಷ್ಟು ಹೊತ್ತಾ?"

ಅಕ್ಕ ಹೋಗಿ ರೋಲರ್ ಮುಂದೆ ನಿಂತರು. "ಇನ್ನೊಂದು ಪಾಯಿಂಟ್ ಇದೆ, ಸಾರ್."

"ಕಸ ಗುಡಿಸೋಳು, ನೀನ್ಯಾರಮ್ಮ ಹೇಳೋಕೆ?"

"ಈಗ ಅಂಪೈರು. ಗುಡಿಸೋಕೆ ಎಂಟು ಗಂಟೆಗೆ ಬರ್ತೀನಿ."

ಅಲ್ಲಿಂದ ಕದಲದೆ, ಕತ್ತು ಹೊರಳಿಸಿ ಸೀಟಿ ಊದಿದರು. ಗೆಲ್ಲಲು ಎರಡು ಪಾಯಿಂಟ್ ಅಂತರ ಬೇಕು; ಒಂದು ಪಾಯಿಂಟ್ ಎಂದದ್ದು ಏಳಾಯಿತು. ಎರಡನೇ ವರ್ಷದವರು ಹದಿನೆಂಟು–ಹದಿನಾರರಲ್ಲಿ ಗೆದ್ದರು. ರೋಲರ್ ಚಾಲಕ ಇಂಜಿನ್ ಆರಿಸಿ ಕೂತು ನೋಡಿದವನು ಮೈಮರೆತು ಚಪ್ಪಾಳೆ ತಟ್ಟಿದ.

ಮೂರನೇ ದಿನಕ್ಕೆ ಅಕ್ಕನ ಕೈಗೆ ನೋಟಿಸ್: 'ಕೆಲಸಕ್ಕೆ ಅಡ್ಡಿಪಡಿಸಿದ್ದೇಕೆ? ಲಿಖಿತ ವಿವರಣೆ ನೀಡಿ.' ಹದಿನೆಂಟು ವರ್ಷ ಮೈದಾನದತ್ತ ತಲೆ ಹಾಕದ ನಿರ್ದೇಶಕರನ್ನು ಇವತ್ತಿನವರೆಗೆ ಯಾರೂ ವಿವರಣೆ ಕೇಳಿಲ್ಲ.

"ಕ್ಷಮಿಸಿ ಅಂತ ಬರ್ದುಕೊಟ್ಬಿಡೇ, ಕೆಲ್ಸ ಹೋದ್ರೆ?" ಎಂದು ಗಂಡ ಗಾಬರಿಯಾಗಿದ್ದರು. ಮಗಳು ಪೆನ್ನು ತಂದುಕೊಟ್ಟಳು. ಅಕ್ಕ ಬರೆದದ್ದು ಒಂದೇ ಸಾಲು: 'ಆಟ ಇನ್ನೂ ಮುಗಿದಿರಲಿಲ್ಲ.'

ಕಚೇರಿ ಇನ್ನೂ ಬಾಯಿಬಿಟ್ಟಿಲ್ಲ. ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ಬಲೆ ಮಡಚುತ್ತಲೇ ಹೇಳುತ್ತಾರೆ:

"ನನ್ನ ಹೆಸರೆಲ್ಲ ಬೇಡ. ಒಂದು ಫೈನಲ್ ಆದ್ರೂ ಸಂಜೆ ಹೊತ್ತು ಆಡಿಸ್ಲಿ. ಅಪ್ಪ ಅಮ್ಮ ಬಂದು ನೋಡ್ಲಿ. ಅಷ್ಟು ಚೆನ್ನಾಗಿ ಆಡ್ತಾರೆ ಕಣ್ರೀ, ನಾನೊಬ್ಳೇ ನೋಡಿದ್ರೆ ಸಾಕಾ?"